ಅಣ್ಣನ ಫೋನ್‌ನಲ್ಲಿ ನಾವೆಲ್ಲ

ದೊಡ್ಡಪ್ಪನ ಮಗ ಎಂ.ಎಸ್. ಓದಲು ಅಮೆರಿಕಕ್ಕೆ ಹೊರಟಿದ್ದ. ಬೀಳ್ಕೊಡಲು ಪಾಂಡವಪುರದ ಅವರ ಮನೆಯಲ್ಲಿ ಎಲ್ಲರೂ ಸೇರಿದ್ದೆವು. ದೊಡ್ಡಮ್ಮ ಸೂಟ್‌ಕೇಸ್‌ಗೆ ಚಟ್ನಿಪುಡಿ ತುಂಬುತ್ತಿದ್ದರೆ, ಅಣ್ಣ ಮೂಲೆಯಲ್ಲಿ ಕೂತು ಫೋನ್ ಖಾಲಿ ಮಾಡುತ್ತಿದ್ದ.

‘ಅಲ್ಲಿ ಇಳಿದಾಗ ಫೋನ್ ಕೇಳಿದರೆ ಕೊಡಬೇಕು ಕಣೋ’ ಎಂದ.

‘ಬ್ಯಾಗ್ ನೋಡೋದು ಗೊತ್ತು, ಫೋನೂ ನೋಡ್ತಾರಾ?’ ದೊಡ್ಡಮ್ಮ ಗಾಬರಿಯಾದರು.

ನೋಡಬಹುದು. ಅಮೆರಿಕದ ಗಡಿ ಅಧಿಕಾರಿಗಳಿಗೆ ಫೋನ್, ಲ್ಯಾಪ್‌ಟಾಪ್ ಪರಿಶೀಲಿಸಲು ವಾರಂಟ್ ಬೇಕಿಲ್ಲ. ಪಾಸ್‌ವರ್ಡ್ ಕೊಡಲ್ಲ ಎಂದರೆ ಅಲ್ಲಿನ ಪ್ರಜೆಯ ಫೋನ್ ಇಟ್ಟುಕೊಳ್ಳಬಹುದು, ಆದರೆ ಆತನನ್ನು ದೇಶದೊಳಗೆ ಬಿಡಲೇಬೇಕು. ವೀಸಾ ಮೇಲೆ ಹೋದವರನ್ನು ವಾಪಸ್ ಕಳಿಸಬಹುದು. 2018ರ ನಿಯಮದಂತೆ ಫೋನ್‌ನೊಳಗೆ ಇರುವುದನ್ನಷ್ಟೇ ನೋಡಬೇಕು, ಕ್ಲೌಡ್‌ನಲ್ಲಿರುವುದನ್ನಲ್ಲ. ಹೀಗೆ ತಪಾಸಣೆಗೆ ಒಳಗಾಗುವವರು ತೀರಾ ಕಡಿಮೆ ಎಂಬುದೂ ನಿಜ. ಆದರೆ ವೀಸಾಗೆ ಅರ್ಜಿ ಹಾಕುವಾಗಲೇ ಇಣುಕುನೋಟ ಶುರುವಾಗುತ್ತದೆ. ವಿದ್ಯಾರ್ಥಿಗಳು ಸೋಷಿಯಲ್ ಮೀಡಿಯಾ ಖಾತೆಗಳನ್ನು ‘ಪಬ್ಲಿಕ್’ ಮಾಡಬೇಕೆಂದು 2025ರ ಜೂನ್‌ನಲ್ಲಿ ಅಮೆರಿಕ ಹೇಳಿತು. ನ್ಯೂಜಿಲೆಂಡ್‌ನಲ್ಲಂತೂ ಗಡಿಯಲ್ಲಿ ಪಾಸ್‌ವರ್ಡ್ ಕೊಡದಿದ್ದರೆ 5,000 ಡಾಲರ್‌ವರೆಗೆ ದಂಡ ಹಾಕಬಹುದು.

‘ತಪ್ಪು ಮಾಡದವನಿಗೆ ಭಯ ಯಾಕೆ?’ ಎಂದರು ಕೆ.ಆರ್. ಪೇಟೆಯ ಚಿಕ್ಕಪ್ಪ. ನನಗೂ ಹಾಗೇ ಅನಿಸಿತ್ತು, ಅಣ್ಣ ಫೋನ್ ತೋರಿಸುವವರೆಗೆ. ಅದರಲ್ಲಿ ಜಮೀನಿನ ಪಹಣಿ, ಬ್ಯಾಂಕ್ ಸಾಲದ ಪತ್ರ, ಅಕ್ಕನ ಸ್ಕ್ಯಾನಿಂಗ್ ರಿಪೋರ್ಟ್ ಇದ್ದವು. ನಾಗಮಂಗಲದ ಅತ್ತೆ ಒಂದು ರಾತ್ರಿ ಅಳುತ್ತಾ ಕಳಿಸಿದ್ದ ವಾಯ್ಸ್ ಮೆಸೇಜ್ ಇತ್ತು. ಇವರಾರೂ ವೀಸಾ ಕೇಳಿದವರಲ್ಲ. ಆದರೂ ಆ ಕೌಂಟರ್ ಮುಂದೆ ಅಣ್ಣನ ಜೊತೆ ನಮ್ಮ ಇಡೀ ಮನೆಯೇ ನಿಲ್ಲಬೇಕು.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಹೇಳಿದರು. ಅದಕ್ಕೆ ಕಾರಣವಾದ ಅರ್ಜಿ ಹಾಕಿದವರು ನಮ್ಮ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ಹಕ್ಕು ನಮ್ಮ ಜೊತೆ ವಿಮಾನ ಹತ್ತುವುದಿಲ್ಲ.

ಎಲ್ಲ ಕೇಳಿಸಿಕೊಂಡ ಅಜ್ಜಿ, ‘ಊರಿಗ್ ಹೋಗೋನು ಮನೇನೆಲ್ಲಾ ಹೊತ್ಕೊಂಡು ಹೋಯ್ತಾನೇನ್ಲಾ?’ ಎಂದರು. ಇಷ್ಟು ಚೆನ್ನಾಗಿ ನಮ್ಮ ಕಾಲೇಜಿನ ಸೈಬರ್ ಸೆಕ್ಯುರಿಟಿ ಪಾಠದಲ್ಲೂ ಯಾರೂ ಹೇಳಿರಲಿಲ್ಲ. ಅಣ್ಣ ಎಲ್ಲವನ್ನೂ ಹಾರ್ಡ್ ಡಿಸ್ಕ್‌ಗೆ ಹಾಕಿ ಮನೆಯಲ್ಲೇ ಬಿಟ್ಟ. ಕಾಲೇಜಿನ ಪತ್ರಗಳು, ಒಂದಷ್ಟು ಫೋಟೊ ಮಾತ್ರ ಒಯ್ದ.

ಶ್ರೀರಂಗಪಟ್ಟಣಕ್ಕೆ ವಾಪಸ್ ಬರುವಾಗ ಬಸ್‌ನಲ್ಲಿ ನನ್ನ ಫೋನ್ ತೆರೆದೆ. ಮರೆತುಹೋಗುತ್ತದೆಂದು ಅಮ್ಮ ಕಳಿಸಿದ್ದ ಎಟಿಎಂ ಪಿನ್ ಇನ್ನೂ ಅಲ್ಲೇ ಇತ್ತು. ಮೊದಲು ಅದನ್ನು ಅಳಿಸಿದೆ.