ನಗೆಯ ಬೆಲೆಯೂ ಒಂದು ಹಳೆಯ ದಾವೆಯೂ

1967ನೆಯ ಇಸವಿಯಲ್ಲಿ ಸೆಲಿಯೊ ಡಯಾಸ್ ಎಂಬಾತನು ಅಮೆರಿಕದ ಪ್ಯಾನ್ ಅಮ್ ವಿಮಾನ ಸಂಸ್ಥೆಗೆ ಅರ್ಜಿ ಹಾಕಿ, ವಿಮಾನದೊಳಗೆ ಪ್ರಯಾಣಿಕರನ್ನು ಉಪಚರಿಸುವ ಕೆಲಸವನ್ನು ಕೇಳಿದನು; ಆ ಕೆಲಸಕ್ಕೆ ಹೆಂಗಸರನ್ನಲ್ಲದೆ ಗಂಡಸರನ್ನು ತೆಗೆದುಕೊಳ್ಳುವುದಿಲ್ಲವೆಂದು ಸಂಸ್ಥೆ ನಿರಾಕರಿಸಲು, ಉದ್ಯೋಗದಲ್ಲಿ ಲಿಂಗಭೇದ ಕೂಡದೆಂಬ 1964ರ ಶಾಸನವನ್ನು ಹಿಡಿದು ಫ್ಲಾರಿಡಾದ ಫೆಡರಲ್ ನ್ಯಾಯಾಲಯದಲ್ಲಿ ದಾವೆ ಹೂಡಿದನು. ನ್ಯಾಯಶಾಸ್ತ್ರದವರು ಈ ವ್ಯಾಜ್ಯವನ್ನು ಒಂದೆರಡು ಸಾಲುಗಳಲ್ಲಿ ಮುಗಿಸುವುದುಂಟು. ಆದರೆ ಗಗನಸಖಿಯ ಮುಗುಳ್ನಗೆಯು ಎಷ್ಟು ದೊಡ್ಡ ದುಡಿಮೆಯೆಂಬುದನ್ನು ಅವಳ ಧಣಿಗಳೇ ಸಾಕ್ಷಿಸಹಿತ ಸ್ಥಾಪಿಸಹೊರಟ ವಿಚಿತ್ರವು ಇದರಲ್ಲಿರುವುದರಿಂದ, ಹಾಗೆ ಮುಗಿಸುವುದು ನನಗೆ ಸಮ್ಮತವಲ್ಲ.

ಸಂಸ್ಥೆಯ ಪರವಾಗಿ ಸಾಕ್ಷಿ ನುಡಿದವರು, ಮನುಷ್ಯರು ಪರಸ್ಪರ ಹೂಡುವ ಮನಸ್ಸಿನ ಆಟಗಳನ್ನು ಕುರಿತ ಗ್ರಂಥದಿಂದ ಅದಾಗಲೇ ಮನೆಮಾತಾಗಿದ್ದ ಮನೋವೈದ್ಯ ಎರಿಕ್ ಬರ್ನ್. ನಾಲ್ಕೂ ಕಡೆ ಮುಚ್ಚಿದ ವಿಮಾನದ ಒಡಲು ಲೋಕದಿಂದ ಬೇರೆಯಾದ ಒಂದು ವಿಶಿಷ್ಟ ಮಾನಸಿಕ ಆವರಣವೆಂದೂ, ಅದರೊಳಗೆ ಕುಳಿತವರನ್ನು ಭೀತಿ, ಬೇಸರ, ಉದ್ವೇಗ ಮೂರೂ ಕಾಡುವುವೆಂದೂ, ಅವನ್ನು ಶಮನಗೊಳಿಸುವ ಸಾಮರ್ಥ್ಯವು ಸ್ತ್ರೀಯರಲ್ಲಿಯೇ ಹೆಚ್ಚೆಂದೂ ಅವರು ಪ್ರತಿಪಾದಿಸಿದರು. ತನಗಿಂತ ಹೆಚ್ಚು ಗಂಡಸಾಗಿ ತೋರುವ ಪರಿಚಾರಕನನ್ನು ಕಂಡರೂ, ಕಡಿಮೆ ಗಂಡಸಾಗಿ ತೋರುವವನನ್ನು ಕಂಡರೂ ಪುರುಷ ಪ್ರಯಾಣಿಕನಿಗೆ ಕಿರಿಕಿರಿಯೆಂದೂ, ತರುಣಿಯ ಎದುರಿನಲ್ಲಿಯಾದರೆ ಅವನ ಪೌರುಷಕ್ಕೆ ನೆಮ್ಮದಿಯೆಂದೂ ಅವರ ವಿವರಣೆ. ನೂರರಲ್ಲಿ 79 ಮಂದಿ ಪ್ರಯಾಣಿಕರು ಸ್ತ್ರೀಯರ ಉಪಚಾರವನ್ನೇ ಬಯಸುವರೆಂಬ ಸಮೀಕ್ಷೆಯೂ ಜೊತೆಗಿದ್ದಿತು. ಇಷ್ಟೆಲ್ಲ ವಾದಿಸಿದ ಇದೇ ಸಂಸ್ಥೆಯು 1944ರವರೆಗೆ ಆ ಕೆಲಸಕ್ಕೆ ಗಂಡಸರನ್ನಲ್ಲದೆ ಹೆಂಗಸರನ್ನು ನೇಮಿಸಿರಲಿಲ್ಲವೆಂಬುದು ವಿನೋದ.

ಈ ತರ್ಕದ ಬೇರು ಇನ್ನೂ ಹಳೆಯದು. 1930ರ ಮೇ ತಿಂಗಳಲ್ಲಿ ಬೋಯಿಂಗ್ ಏರ್ ಟ್ರಾನ್ಸ್‌ಪೋರ್ಟ್ ಸಂಸ್ಥೆಯು ಎಲೆನ್ ಚರ್ಚ್ ಮೊದಲಾದ ಎಂಟು ಮಂದಿ ದಾದಿಯರನ್ನು ವಿಮಾನಕ್ಕೆ ಹತ್ತಿಸಿದುದು, ಎಳೆಯ ಹೆಂಗಸರೇ ಧೈರ್ಯವಾಗಿ ಹಾರುತ್ತಿರಲು ಗಂಡಸರು ಅಂಜುವುದೆಂತು ಎಂಬ ಯುಕ್ತಿಯಿಂದ. ವಿಮಾನ ನಡೆಸುವುದನ್ನು ಬಲ್ಲವಳಾಗಿದ್ದ ಚರ್ಚ್‌ಳಿಗೆ ದೊರೆತುದು ಪರರ ಭಯವನ್ನು ನಡೆಸುವ ಕೆಲಸ.

1970ರಲ್ಲಿ ಕೆಳಗಿನ ನ್ಯಾಯಾಲಯವು ಸಂಸ್ಥೆಯ ವಾದವನ್ನು ಎತ್ತಿಹಿಡಿಯಿತು. ಮರುವರ್ಷ ಮೇಲ್ಮನವಿಯಲ್ಲಿ ಅದು ಬಿದ್ದುಹೋಯಿತು. ವಿಮಾನ ಸಂಸ್ಥೆಯ ಮೂಲ ಧರ್ಮವು ಜನರನ್ನು ಸುರಕ್ಷಿತವಾಗಿ ಸಾಗಿಸುವುದು, ಸಾಂತ್ವನವೆಂಬುದು ಆನುಷಂಗಿಕ ಎಂದು ಮೇಲಿನ ಪೀಠದ ಅಭಿಪ್ರಾಯ. ಡಯಾಸನಿಗೆ ನ್ಯಾಯ ಸಂದಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಒಂದು ತೀರ್ಪಿನಲ್ಲಿ ಹೆಣ್ಣಿನ ಸಹಜಗುಣವೆನಿಸಿ, ಇನ್ನೊಂದರಲ್ಲಿ ಆನುಷಂಗಿಕವೆನಿಸಿದ ಆ ದುಡಿಮೆಯು, ಕೂಲಿ ಸಲ್ಲಬೇಕಾದ ದುಡಿಮೆಯೆಂದು ಎಲ್ಲಿಯೂ ಲೆಕ್ಕಕ್ಕೆ ಬರಲಿಲ್ಲ.

ಅದನ್ನು ಲೆಕ್ಕಕ್ಕೆ ತಂದವರು ಸಮಾಜಶಾಸ್ತ್ರಜ್ಞೆ ಆರ್ಲಿ ಹೋಕ್‌ಶೀಲ್ಡ್. ಡೆಲ್ಟಾ ಸಂಸ್ಥೆಯ ಗಗನಸಖಿಯರ ತರಬೇತಿಯನ್ನು ಹತ್ತಿರದಿಂದ ನೋಡಿ 1983ರಲ್ಲಿ ಅವರು ಪ್ರಕಟಿಸಿದ ಗ್ರಂಥವು, ಕೂಲಿಗಾಗಿ ಭಾವವನ್ನು ತಿದ್ದಿಕೊಳ್ಳುವ ಈ ಕಾಯಕವನ್ನು ಭಾವಶ್ರಮವೆಂದು ಗುರುತಿಸಿತು. ವಿಮಾನವನ್ನು ನಿಮ್ಮ ಮನೆಯ ನಡುಮನೆಯೆಂದೇ ಭಾವಿಸಿರಿ, ರೇಗಾಡುವವನಿಗೆ ಏನೋ ದುಃಖವಿದ್ದೀತೆಂದು ಕಲ್ಪಿಸಿಕೊಳ್ಳಿರಿ ಎಂಬುದು ಅಲ್ಲಿಯ ಉಪದೇಶ. ತುಟಿಯ ನಗೆ ಸಾಲದು, ಒಳಗೂ ನಗೆ ಹುಟ್ಟಬೇಕು. ಮನಸ್ಸು ಭಾವದಲ್ಲಿ ನೆಲೆಗೊಂಡಲ್ಲದೆ ಸಾತ್ತ್ವಿಕಾಭಿನಯವು ಸಿದ್ಧಿಸದೆಂದು ನಮ್ಮ ನಾಟ್ಯಶಾಸ್ತ್ರವು ಹೇಳುವುದೂ ಇದನ್ನೇ. ಆದರೆ ಯಕ್ಷಗಾನದ ವೇಷಧಾರಿಗೆ ಬೆಳಗಿನ ಜಾವ ಚೌಕಿಗೆ ಮರಳಿ ಬಣ್ಣ ತೊಳೆದುಕೊಳ್ಳುವ ಅವಕಾಶವುಂಟು, ಈಕೆಗೆ ಚೌಕಿಯಿಲ್ಲ. ದೀರ್ಘ ಪ್ರಯಾಣ ಮುಗಿದ ಮೇಲೂ ಇಳಿಯದ ನಗೆ, ಕೆಲಸವನ್ನೇ ತಾನೆಂದುಕೊಂಡವಳು ಬೆಂದು ಬರಿದಾಗುವುದು, ಬೇರೆಯಾಗಿ ಉಳಿದವಳು ತನ್ನನ್ನು ಕಪಟಿಯೆಂದು ಹಳಿದುಕೊಳ್ಳುವುದು, ಇವೆಲ್ಲ ಆ ಗ್ರಂಥದಲ್ಲಿ ನಿರೂಪಿತವಾಗಿವೆ. 1978ರಲ್ಲಿ ಅಮೆರಿಕ ಸರಕಾರವು ವಿಮಾನಯಾನದ ದರನಿಯಂತ್ರಣವನ್ನು ಕಳಚಲಾರಂಭಿಸಿದ ಮೇಲೆ ಪೈಪೋಟಿ ಬಲಿತು ಪ್ರಯಾಣಿಕರ ಸಂದಣಿ ಏರಿತು. ನಗೆಯನ್ನು ಮಾತ್ರ ಮೊದಲಿನಂತೆಯೇ ಅಪೇಕ್ಷಿಸಲಾಯಿತು.

ನಮ್ಮಲ್ಲಿ ಏರ್ ಇಂಡಿಯಾದ ಗಗನಸಖಿಯರು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದಾಗ ಕಲಹವು ನಗೆಯ ಕೂಲಿಯನ್ನಲ್ಲ, ವಯಸ್ಸು, ವಿವಾಹ, ಬಸಿರುಗಳನ್ನು ಕುರಿತದ್ದಾಗಿತ್ತು. ಮೊದಲ ಬಸಿರಿಗೇ ಕೆಲಸ ಕಳೆಯುವ ನಿಯಮವನ್ನು 1981ರಲ್ಲಿ ರದ್ದುಗೊಳಿಸಿದ ನ್ಯಾಯಾಲಯವು, ಸೇರಿದ ನಾಲ್ಕು ವರ್ಷದೊಳಗೆ ಮದುವೆಯಾಗಕೂಡದೆಂಬುದನ್ನು ಉಳಿಸಿಕೊಂಡಿತು.

ಕೂಲಿಯ ಮಾತಿಗೆ ಮರಳಿದರೆ, ಅಮೆರಿಕದ ಗಗನಸಖಿಯರ ಗಂಟೆಯ ಕೂಲಿಯು ಬಹುಕಾಲ ಸಾಮಾನ್ಯವಾಗಿ ವಿಮಾನದ ಬಾಗಿಲು ಮುಚ್ಚಿದಾಗಿನಿಂದಲೇ ಆರಂಭವಾಗುತ್ತಿದ್ದಿತು. ಬಾಗಿಲಲ್ಲಿ ನಿಂತು ಪ್ರತಿಯೊಬ್ಬರಿಗೂ ನಮಿಸಿ, ನಕ್ಕು, ಮುನಿದವರನ್ನು ಸಂತೈಸುವ ಹೊತ್ತಿಗೆ ಆ ಕೂಲಿಯಿಲ್ಲ. ಡೆಲ್ಟಾ ಸಂಸ್ಥೆಯು 2022ರಲ್ಲಿ ಆ ಹೊತ್ತಿಗೂ ಕೂಲಿ ಕೊಡಲಾರಂಭಿಸಿದುದು ದೊಡ್ಡ ಸುದ್ದಿಯಾಯಿತು. ಕೊಟ್ಟದ್ದು ಅರ್ಧ ದರ. ಗಂಡಸನ್ನು ಹೊರಗಿಡುವ ಹೊತ್ತಿಗೆ ಯಾವ ಕೌಶಲವಿಲ್ಲದೆ ವಿಮಾನವೇ ಹಾರದೆಂಬಂತೆ ಪ್ರಮಾಣ ಮಾಡಿಸಲಾಯಿತೋ, ಅದೇ ಕೌಶಲಕ್ಕೆ ಸಂಬಳದ ಪಟ್ಟಿಯಲ್ಲಿ ಜಾಗ ಹುಡುಕುವುದಕ್ಕೆ ಅರ್ಧ ಶತಮಾನ ಹಿಡಿದುದನ್ನು ಉದಾರತೆಯೆಂದು ಕೊಂಡಾಡಲು ನನಗೆ ಮನಸ್ಸು ಬಾರದು.