ನಿಮಗಿದು ಗೊತ್ತೆ? ಒಂದು ಬಸವನಹುಳು, ನೂರೆಂಟು ಹೆಸರು!

ಉತ್ತರ ಅಟ್ಲಾಂಟಿಕ್ ಕರಾವಳಿಯ ಬಂಡೆಗಳಿಗೆ ಅಂಟಿಕೊಂಡಿರುವ ಪುಟ್ಟ ಕಡಲ ಬಸವನಹುಳು ಲಿಟ್ಟೊರಿನಾ ಸ್ಯಾಕ್ಸಾಟಿಲಿಸ್. 1792ರಲ್ಲಿ ಇಟಲಿಯ ಒಲಿವಿ ಇದನ್ನು ವರ್ಣಿಸಿದ. ಆಮೇಲೆ ಬಂದವರು ಚಿಪ್ಪಿನ ಬಣ್ಣ, ಗಾತ್ರ, ಗೆರೆ ನೋಡಿ ನೂರಕ್ಕೂ ಹೆಚ್ಚು ಸಲ ಇದನ್ನೇ ಹೊಸ ಪ್ರಭೇದ, ಉಪಪ್ರಭೇದ ಎಂದು ಕರೆದರು. ಅವರನ್ನು ಪೂರ್ತಿ ದೂರುವಂತಿಲ್ಲ. ಏಡಿಗಳ ಕಾಟವಿರುವೆಡೆ ಇದರ ಚಿಪ್ಪು ದೊಡ್ಡದು, ದಪ್ಪ, ಬಾಯಿ ಕಿರಿದು. ಅಲೆ ಅಪ್ಪಳಿಸುವ ಬಂಡೆಯ ಮೇಲೆ ಚಿಪ್ಪು ಸಣ್ಣದು, ತೆಳು, ಬಂಡೆಯನ್ನು ಬಿಗಿಹಿಡಿಯುವ ಪಾದಕ್ಕೆ ತಕ್ಕಂತೆ ಬಾಯಿ ಅಗಲ. ಪಕ್ಕಪಕ್ಕ ಇಟ್ಟರೆ ಒಂದೇ ಎನ್ನಲು ಯಾರಿಗೂ ಮನಸ್ಸು ಬಾರದು.

ವ್ಯತ್ಯಾಸ ವಂಶವಾಹಿಗಳಲ್ಲೂ ಇರುವಾಗ ಎರಡು ಪ್ರಭೇದ ಎಂದರೇನು ತಪ್ಪು? ಆಕ್ಷೇಪ ನ್ಯಾಯವಾದದ್ದೇ. ಆದರೆ ಎರಡೂ ಬಗೆ ಸಂಧಿಸುವಲ್ಲಿ ಅವು ಕೂಡಿ ಸಂತತಿ ಬೆಳೆಸುತ್ತವೆ. ಮೇಲಾಗಿ, 1988ರ ವಿಷಪಾಚಿಯಿಂದ ಇವು ಅಳಿದಿದ್ದ ಸ್ವೀಡನ್ನಿನ ಒಂದು ಬಂಡೆದ್ವೀಪಕ್ಕೆ 1992ರಲ್ಲಿ ವಿಜ್ಞಾನಿಗಳು ಏಡಿ ಬಗೆಯ ಹುಳುಗಳನ್ನು ತಂದುಬಿಟ್ಟರು. ಸುಮಾರು 30 ವರ್ಷಗಳಲ್ಲಿ ಅವುಗಳ ಪೀಳಿಗೆ ಬಹುಮಟ್ಟಿಗೆ ಅಲೆ ಬಗೆಯ ರೂಪ ತಳೆಯಿತು. ನೆಲೆಗೆ ತಕ್ಕಂತೆ ಇಷ್ಟು ಬೇಗ ಬದಲಾಗುವ ಚಿಪ್ಪನ್ನು ನಂಬಿ ಪ್ರಭೇದ ಗುರುತಿಸುವುದು ಹೇಗೆ? ಹಾಗೆಂದು ಕಂಡದ್ದೆಲ್ಲ ಒಂದೇ ಎನ್ನುವಂತೆಯೂ ಇಲ್ಲ. ಲಿಟ್ಟೊರಿನಾ ಆರ್ಕಾನಾ ಹೊರನೋಟಕ್ಕೆ ಥೇಟ್ ಇದರಂತೆಯೇ. ಆದರೆ ಅದು ಮೊಟ್ಟೆಯಿಡುತ್ತದೆ, ಸ್ಯಾಕ್ಸಾಟಿಲಿಸ್ ಮರಿ ಹಾಕುತ್ತದೆ. ಹಾಗಾಗಿ ತಜ್ಞರು ಹೆಣ್ಣಿನ ಒಡಲು ಬಿಡಿಸಿ, ಮರಿಚೀಲ ಇದೆಯೇ ಎಂದು ನೋಡುತ್ತಾರೆ. ಗಂಡು ಸಿಕ್ಕಿತೋ, ಅವರಿಗೂ ಪೇಚಾಟವೇ.