ಮರಿಯ ಕುತ್ತಿಗೆ ಸೊಟ್ಟಗಾದರೆ ಏನು ಮಾಡಬೇಕು?

ಕಳೆದ ಮಳೆಗಾಲದ ಒಂದು ಸಂಜೆ. ನಮ್ಮ ಕಲಿಕಾ ಕೇಂದ್ರದಲ್ಲಿ ಒತ್ತಕ್ಷರದ ಪಾಠ ನಡೀತಾ ಇತ್ತು. ಒಬ್ಬರು ಅಕ್ಕ ತಡವಾಗಿ ಬಂದರು. ಅವರ ಕೈಯಲ್ಲಿ ಪುಸ್ತಕ ಇರಲಿಲ್ಲ. ಹಳೆ ಬಟ್ಟೆ ಹಾಸಿದ ಒಂದು ಬುಟ್ಟಿ ಇತ್ತು.

"ಟೀಚರೇ, ಇದಕ್ಕೆ ಎಂತ ಆಯ್ತು ನೋಡಿ" ಅಂದರು.

ಬುಟ್ಟಿಯಲ್ಲಿ ಮೂರು ವಾರದ ಒಂದು ಕೋಳಿಮರಿ. ಅದರ ತಲೆ ಹಿಂದಕ್ಕೆ ಬಾಗಿತ್ತು. ಆಕಾಶ ನೋಡುವ ಹಾಗೆ ಕೂತಿತ್ತು. ನೆಲಕ್ಕೆ ಬಿಟ್ಟರೆ ಒಂದು ಬದಿಗೆ ಬೀಳುತ್ತಿತ್ತು. ಎದ್ದು ನಡೆಯಲು ಹೋದರೆ ಸುತ್ತು ತಿರುಗುತ್ತಿತ್ತು. ಕಾಳು ಕುಟುಕಲು ನೋಡಿದರೆ ಕೊಕ್ಕು ಬೇರೆಲ್ಲೋ ಹೋಗುತ್ತಿತ್ತು.

"ಯಾರದೋ ದೃಷ್ಟಿ ತಾಗಿದೆ" ಅಂದರು ಒಬ್ಬರು. "ಇದು ಬದುಕುದಿಲ್ಲ ಮಾರಾಯ್ತಿ, ಬಿಸಾಡು" ಅಂದರು ಇನ್ನೊಬ್ಬರು.

ಅಕ್ಕ ಏನೂ ಹೇಳಲಿಲ್ಲ. ಅವರ ಹೆದರಿಕೆಗೆ ಕಾರಣ ಇತ್ತು. ಅದರ ಹಿಂದಿನ ವರ್ಷ ಅವರ ಮನೆಯ ಹನ್ನೊಂದು ಕೋಳಿಗಳು ಒಂದೇ ವಾರದಲ್ಲಿ ಸತ್ತಿದ್ದವು. ಆಗಲೂ ಮೊದಲು ಕಂಡದ್ದು ಸೊಟ್ಟ ಕುತ್ತಿಗೆಯೇ. ಈಗ ಉಳಿದದ್ದು ಒಂದು ಹೇಂಟೆ, ಒಂಬತ್ತು ಮರಿ. ಮೊಟ್ಟೆ ಮಾರಿದ ದುಡ್ಡಲ್ಲೇ ಮಗಳ ಬಸ್ಸಿನ ಖರ್ಚು ನಡೆಯಬೇಕು.

ನಾನು ಬಿ.ಎ. ಓದಿದವಳು. ಆದರೆ ಆ ಸಂಜೆ ನನ್ನಲ್ಲೂ ಉತ್ತರ ಇರಲಿಲ್ಲ. ಮರುದಿನ ಬೆಳಿಗ್ಗೆ ನಾವಿಬ್ಬರೂ ಮೃಗಾಸ್ಪತ್ರೆಗೆ ಹೋದೆವು. ಅಲ್ಲಿ ಕಲಿತದ್ದನ್ನು, ಆಮೇಲೆ ಓದಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಸೊಟ್ಟ ಕುತ್ತಿಗೆ ಒಂದು ಗುರುತು

ನಮಗೆ ಜ್ವರ ಬರ್ತದೆ. ಜ್ವರಕ್ಕೆ ಕಾರಣ ಶೀತ ಇರಬಹುದು, ಮಲೇರಿಯಾ ಇರಬಹುದು. ಜ್ವರ ಬರೀ ಗುರುತು. ಕಾರಣ ಬೇರೆ ಇರ್ತದೆ.

ಮರಿಯ ಸೊಟ್ಟ ಕುತ್ತಿಗೆಯೂ ಹಾಗೆಯೇ. ದೇಹದ ತೂಕ ಸರಿಯಾಗಿ ಹಿಡಿದುಕೊಳ್ಳುವ ಕೆಲಸ ಮಿದುಳಿನದು, ನರಗಳದು, ಕಿವಿಯ ಒಳಭಾಗದ್ದು. ಇವುಗಳಲ್ಲಿ ಯಾವುದಕ್ಕೆ ತೊಂದರೆ ಆದರೂ ಮರಿ ವಾಲುತ್ತದೆ, ಬೀಳುತ್ತದೆ, ಕುತ್ತಿಗೆ ತಿರುಚಿಕೊಳ್ಳುತ್ತದೆ.

ಕಾರಣಗಳು ಹಲವು. ಮುಖ್ಯವಾದವು ಇವು:

1. ಆಹಾರದಲ್ಲಿ ಜೀವಸತ್ವದ ಕೊರತೆ.
2. ತಲೆಗೆ ಪೆಟ್ಟು. ಹೇಂಟೆ ತುಳಿದಿರಬಹುದು, ಕಾಗೆ ಕುಕ್ಕಿರಬಹುದು, ಮರಿ ಮೇಲಿಂದ ಬಿದ್ದಿರಬಹುದು.
3. ವಿಷ. ಔಷಧ ಬೆರೆಸಿದ ಬಿತ್ತನೆ ಬೀಜ, ಬೂಸ್ಟು ಹಿಡಿದ ಆಹಾರ, ಕೊಳೆತ ಹೆಣದ ಹುಳ ತಿಂದರೆ ಹೀಗಾಗಬಹುದು.
4. ಅಂಟುರೋಗ. ಅದರಲ್ಲಿ ದೊಡ್ಡದು ರಾಣಿಖೇತ್ ರೋಗ.

ಒಂದು ಮತ್ತು ಎರಡನೆಯ ಕಾರಣ ಇದ್ದರೆ ಮನೆಯ ಆರೈಕೆಯಲ್ಲಿ ಮರಿ ಎಷ್ಟೋ ಸಲ ಬದುಕುತ್ತದೆ. ನಾಲ್ಕನೆಯದಾದರೆ ಇಡೀ ಗೂಡೇ ಅಪಾಯದಲ್ಲಿದೆ. ಆದ್ದರಿಂದ ಕಾರಣ ಯಾವುದು ಅಂತ ನೋಡಬೇಕು.

ಮೊದಲು ಮೂರು ಪ್ರಶ್ನೆ

ವೈದ್ಯರು ಅಕ್ಕನನ್ನು ಮೂರು ಪ್ರಶ್ನೆ ಕೇಳಿದರು. ನೀವೂ ಮನೆಯಲ್ಲಿ ಈ ಪ್ರಶ್ನೆಗಳನ್ನು ಕೇಳಿಕೊಳ್ಳಿ.

ಒಂದನೆಯದು: ಹೀಗಾದದ್ದು ಒಂದೇ ಮರಿಗೋ, ಹಲವು ಮರಿಗಳಿಗೋ?

ಎರಡನೆಯದು: ಬೇರೆ ಗುರುತುಗಳು ಉಂಟಾ? ಬಾಯಿ ತೆರೆದು ಉಸಿರು ಎಳೆಯುವುದು, ಮೂಗಿನಲ್ಲಿ ನೀರು, ಹಸಿರು ಅಥವಾ ಬಿಳಿ ಭೇದಿ, ರೆಕ್ಕೆ ಜೋತು ಬೀಳುವುದು, ಒಮ್ಮೆಲೇ ಸಾವು.

ಮೂರನೆಯದು: ಮರಿ ಏನು ತಿನ್ನುತ್ತಿತ್ತು? ಎಲ್ಲಾದರೂ ಬಿದ್ದಿತ್ತೇ?

ಅಕ್ಕನ ಉತ್ತರ ಹೀಗಿತ್ತು. ಒಂದೇ ಮರಿಗೆ ಹೀಗಾಗಿದೆ. ಭೇದಿ ಇಲ್ಲ, ಉಬ್ಬಸ ಇಲ್ಲ. ಮಳೆ ಅಂತ ಎರಡು ವಾರದಿಂದ ಮರಿಗಳನ್ನು ಹೊರಗೆ ಬಿಟ್ಟಿಲ್ಲ. ಗೂಡಿನಲ್ಲೇ ಬೆಳ್ತಿಗೆ ಅಕ್ಕಿಯ ನುಚ್ಚು ಹಾಕ್ತಿದ್ದರು. ಅದು ಬಿಟ್ಟು ಬೇರೆ ಏನೂ ಇಲ್ಲ.

"ನುಚ್ಚಿನಲ್ಲೇ ಸಮಸ್ಯೆ ಇರಬಹುದು" ಅಂದರು ವೈದ್ಯರು.

ಕೋಳಿಗಳು ಕಲಿಸಿದ ಪಾಠ

ನುಚ್ಚಿಗೂ ಕುತ್ತಿಗೆಗೂ ಎಂತ ಸಂಬಂಧ? ಇದನ್ನು ಜಗತ್ತಿಗೆ ಕಲಿಸಿದ್ದು ಕೋಳಿಗಳೇ.

1889ರ ಮಾತು. ಈಗಿನ ಇಂಡೋನೇಷ್ಯಾದ ಜಕಾರ್ತ ನಗರಕ್ಕೆ ಆಗ ಬಟಾವಿಯಾ ಅಂತ ಹೆಸರು. ಅಲ್ಲಿನ ಸೈನಿಕರ ಆಸ್ಪತ್ರೆಯಲ್ಲಿ ಐಕ್ಮನ್ ಎಂಬ ಡಚ್ ವೈದ್ಯರು ಬೆರಿಬೆರಿ ಎಂಬ ಕಾಯಿಲೆಯ ಕಾರಣ ಹುಡುಕುತ್ತಿದ್ದರು. ಆ ಕಾಯಿಲೆ ಬಂದವರ ಕಾಲು ಸೋಲುತ್ತಿತ್ತು. ಪ್ರಯೋಗಕ್ಕೆ ಅಂತ ಅವರು ಕೋಳಿ ಸಾಕಿದ್ದರು. ಒಂದು ದಿನ ಆ ಕೋಳಿಗಳ ಕಾಲೂ ಸೋತಿತು. ಅವು ತೂರಾಡಿ ಬೀಳತೊಡಗಿದವು. ಕೆಲವು ತಿಂಗಳ ನಂತರ ತಾವಾಗಿ ಗುಣವಾದವು.

ಯಾಕೆ ಹೀಗಾಯ್ತು? ವಿಚಾರಿಸಿದಾಗ ಗೊತ್ತಾಯ್ತು. ಕಾಯಿಲೆ ಇದ್ದಾಗ ಕೋಳಿಗಳಿಗೆ ಆಸ್ಪತ್ರೆಯ ಅಡುಗೆಮನೆಯ ಬಿಳಿ ಅನ್ನ ಹಾಕುತ್ತಿದ್ದರು. ಆಮೇಲೆ ಬೇರೆ ಅಡುಗೆಯವನು ಬಂದು ಆ ಅನ್ನ ಕೊಡಲು ಒಪ್ಪಲಿಲ್ಲ. ಆಗ ತೌಡು ತೆಗೆಯದ ಅಕ್ಕಿ ಹಾಕಿದರು. ಕೋಳಿಗಳು ಗುಣವಾದವು.

ಅಂದರೆ ಅಕ್ಕಿಯ ಮೇಲಿನ ತೌಡಿನಲ್ಲಿ ನರಗಳಿಗೆ ಬೇಕಾದ ಏನೋ ಒಂದು ಉಂಟು. ಪಾಲಿಶ್ ಮಾಡಿದಾಗ ಅದು ಹೋಗ್ತದೆ. ಅದನ್ನು ನಾವೀಗ ಬಿ1 ಜೀವಸತ್ವ ಅಂತ ಕರೆಯುತ್ತೇವೆ. 'ವಿಟಮಿನ್' ಎಂಬ ಹೆಸರು ಹುಟ್ಟಿದ್ದು 1912ರಲ್ಲಿ. ಐಕ್ಮನ್ ಅವರಿಗೆ 1929ರಲ್ಲಿ ನೊಬೆಲ್ ಪ್ರಶಸ್ತಿ ಸಿಕ್ಕಿತು.

ನಮ್ಮ ಕಡೆ ನಾವು ಉಣ್ಣುವ ಕುಚ್ಚಲಕ್ಕಿಯಲ್ಲಿ ಈ ಜೀವಸತ್ವ ಹೆಚ್ಚು ಉಳಿದಿರ್ತದೆ. ಭತ್ತವನ್ನು ಬೇಯಿಸುವಾಗ ತೌಡಿನ ಸತ್ವ ಅಕ್ಕಿಯ ಒಳಗೆ ಇಳಿಯುತ್ತದೆ. ಬೆಳ್ತಿಗೆಯಲ್ಲಿ ಅದು ಕಡಿಮೆ.

ಕೊರತೆಗಳು ಬೇರೆ ಬೇರೆ. ಅವುಗಳ ಗುರುತೂ ಬೇರೆ:

ಬಿ1 ಕಡಿಮೆಯಾದರೆ ಮರಿ ಕಾಲು ಮಡಚಿ ಕೂತು, ತಲೆ ಹಿಂದಕ್ಕೆ ಬಾಗಿಸಿ ಆಕಾಶ ನೋಡುತ್ತದೆ.

ಬಿ2 ಕಡಿಮೆಯಾದರೆ ಕಾಲಿನ ಬೆರಳುಗಳು ಒಳಗೆ ಮಡಚಿಕೊಳ್ಳುತ್ತವೆ.

ಇ ಜೀವಸತ್ವ ಕಡಿಮೆಯಾದರೆ ಮರಿ ತೂರಾಡುತ್ತದೆ, ಕುತ್ತಿಗೆ ತಿರುಚುತ್ತದೆ. ಎರಡರಿಂದ ನಾಲ್ಕು ವಾರದ ಮರಿಗಳಲ್ಲಿ ಇದು ಹೆಚ್ಚು. ಹಳೆಯ, ಕಮಟು ವಾಸನೆಯ ತೌಡು ಅಥವಾ ಫೀಡಿನಲ್ಲಿ ಇ ಜೀವಸತ್ವ ಹಾಳಾಗಿರ್ತದೆ.

ಹೊರಗೆ ತಿರುಗಾಡುವ ಮರಿ ಹುಲ್ಲು, ಹುಳ, ಗೆದ್ದಲು ತಿಂದು ಕೊರತೆ ತುಂಬಿಕೊಳ್ಳುತ್ತದೆ. ಗೂಡಿನಲ್ಲಿ ಮುಚ್ಚಿಟ್ಟಾಗ ನಾವು ಹಾಕಿದ್ದೇ ಅದಕ್ಕೆ ಗತಿ. ಮಳೆಗಾಲದಲ್ಲಿ ಎಚ್ಚರ ಬೇಕಾದದ್ದು ಇದಕ್ಕೇ.

ಆರೈಕೆ ಹೇಗೆ?

1. ಬೇರೆ ಇಡಿ. ಕಾರಣ ಗೊತ್ತಾಗುವವರೆಗೆ ಎಲ್ಲಾ ಕಾಯಿಲೆಯನ್ನೂ ಅಂಟುರೋಗ ಅಂತಲೇ ತಿಳಿಯಿರಿ. ಒಂದೇ ಮರಿ ಆದರೂ ಸರಿ, ಬೇರೆ ಪೆಟ್ಟಿಗೆಯಲ್ಲಿಡಿ. ಮೊದಲು ಒಳ್ಳೆಯ ಮರಿಗಳ ಕೆಲಸ ಮುಗಿಸಿ, ಕಡೆಗೆ ಕಾಯಿಲೆ ಮರಿಯನ್ನು ಮುಟ್ಟಿ. ಆಮೇಲೆ ಸೋಪು ಹಾಕಿ ಕೈ ತೊಳೆಯಿರಿ.

2. ಬೆಚ್ಚಗಿಡಿ. ಮೊದಲ ವಾರದ ಮರಿಗೆ ಸುಮಾರು 35 ಡಿಗ್ರಿ ಬಿಸಿ ಬೇಕು. ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿ ಕಡಿಮೆ ಸಾಕು. ಪೆಟ್ಟಿಗೆಯ ಒಂದು ಬದಿಗೆ ಹಳೆ ಕಾಲದ 40 ಅಥವಾ 60 ವ್ಯಾಟಿನ ಬಲ್ಬು ತೂಗುಹಾಕಿ. ಬಟ್ಟೆಗೆ, ಕಾಗದಕ್ಕೆ ತಾಗಬಾರದು. ಎಲ್‌ಇಡಿ ಬಲ್ಬು ಸಾಲದು. ಅದು ಬೆಳಕು ಕೊಡ್ತದೆ, ಬಿಸಿ ಕೊಡುದಿಲ್ಲ. ಕರೆಂಟು ಹೋದರೆ ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಇಡಿ. ಮರಿ ಮುದುಡಿ ಕಿರುಚಿದರೆ ಚಳಿ. ಬಾಯಿ ತೆರೆದು ರೆಕ್ಕೆ ಬಿಡಿಸಿದರೆ ಸೆಕೆ.

3. ಸಿಂಬೆ ಮಾಡಿ ಕೂರಿಸಿ. ಕೊಡ ಹೊರಲು ತಲೆ ಮೇಲೆ ಸಿಂಬೆ ಇಡ್ತೇವಲ್ಲ, ಹಾಗೆಯೇ ಹಳೆ ಬಟ್ಟೆಯ ಚಿಕ್ಕ ಸಿಂಬೆ ಮಾಡಿ. ಮರಿಯನ್ನು ಅದರ ನಡುವೆ ಕೂರಿಸಿ. ಆಗ ಅದು ಮಗುಚಿ ಬೀಳುದಿಲ್ಲ. ಕೆಳಗೆ ಒರಟು ಗೋಣಿ ಹಾಸಿ. ನುಣುಪಾದ ಕಾಗದದ ಮೇಲೆ ಕಾಲು ಜಾರ್ತದೆ.

4. ನೀರು ಕುಡಿಸಿ. ಕೊಕ್ಕಿನ ತುದಿಯನ್ನು ಮಾತ್ರ ನೀರಿಗೆ ತಾಗಿಸಿ. ಅಥವಾ ಕೊಕ್ಕಿನ ಬದಿಗೆ ಒಂದೊಂದೇ ಹನಿ ಬಿಡಿ. ಮರಿ ತಾನಾಗಿ ನುಂಗಲಿ. ಬಾಯಿ ತೆರೆದು ಸುರಿಯಬೇಡಿ. ನೀರು ಶ್ವಾಸಕೋಶಕ್ಕೆ ಹೋದರೆ ಮರಿ ಸಾಯ್ತದೆ. ತೂರಾಡುವ ಮರಿಯ ಹತ್ತಿರ ನೀರಿನ ಪಾತ್ರೆ ಬಿಟ್ಟು ಹೋಗಬೇಡಿ. ಒಂದು ಗೆರಟೆ ನೀರು ಸಾಕು, ಮರಿ ಮುಳುಗಲಿಕ್ಕೆ.

5. ತಿನ್ನಿಸಿ. ಬೇಯಿಸಿದ ಮೊಟ್ಟೆಯ ಹಳದಿ ಭಾಗವನ್ನು ಪುಡಿ ಮಾಡಿ ಕೊಡಿ. ಮರಿಗಳ ಫೀಡನ್ನು ನೀರಿನಲ್ಲಿ ಮೆತ್ತಗೆ ಕಲಸಿ ಕೊಡಿ. ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ. ತಲೆಯನ್ನು ಎರಡು ಬೆರಳಲ್ಲಿ ಮೆಲ್ಲಗೆ ಹಿಡಿದರೆ ಮರಿ ತಾನೇ ಕುಟುಕುತ್ತದೆ. ಕುತ್ತಿಗೆಯ ಬುಡದಲ್ಲಿ ಮೇವಿನ ಚೀಲ ಉಂಟು. ಮುಟ್ಟಿ ನೋಡಿ. ತುಂಬಿದ್ದರೆ ತಿಂದಿದೆ ಅಂತ ಅರ್ಥ.

6. ಜೀವಸತ್ವ ಕೊಡಿ. ಬಿ ಕಾಂಪ್ಲೆಕ್ಸ್ ಹನಿ, ಇ ಜೀವಸತ್ವದ ಹನಿ ಸಿಗ್ತದೆ. ಎಷ್ಟು ಹನಿ, ಎಷ್ಟು ದಿನ ಅಂತ ಮೃಗಾಸ್ಪತ್ರೆಯಲ್ಲಿ ಕೇಳಿಯೇ ಕೊಡಿ. ಮನುಷ್ಯರ ನೋವಿನ ಮಾತ್ರೆ ಕೊಡಬೇಡಿ.

ಇನ್ನೊಂದು ಮಾತು. ಕುತ್ತಿಗೆಯನ್ನು ಎಳೆದು ಸರಿ ಮಾಡಲು ಹೋಗಬೇಡಿ. ತೊಂದರೆ ಇರುವುದು ನರದಲ್ಲಿ. ಎಳೆದರೆ ಮತ್ತಷ್ಟು ಹಾಳು.

ರಾಣಿಖೇತ್ ಆದರೆ?

1928ರಲ್ಲಿ, ಈಗಿನ ಉತ್ತರಾಖಂಡದ ರಾಣಿಖೇತ್ ಎಂಬ ಊರಿನಲ್ಲಿ ಈ ರೋಗವನ್ನು ಗುರುತಿಸಿದರು. ಹಾಗಾಗಿ ಆ ಹೆಸರು. ಕರ್ನಾಟಕದಲ್ಲಿ ಕೊಕ್ಕರೆ ರೋಗ ಅಂತಲೂ ಹೇಳ್ತಾರೆ. ಮಲಯಾಳದಲ್ಲಿ ಇದು 'ಕೋಳಿವಸಂತ'. ಇಲ್ಲಿನ ಮೃಗಾಸ್ಪತ್ರೆಯಲ್ಲಿ ಆ ಹೆಸರು ಹೇಳಿದರೆ ಬೇಗ ಅರ್ಥ ಆಗ್ತದೆ.

ಇದು ವೈರಸ್ ರೋಗ. ಹಿಕ್ಕೆ, ನೀರು, ಬುಟ್ಟಿ, ಚಪ್ಪಲಿ, ಗಾಳಿ, ಎಲ್ಲದರಿಂದಲೂ ಹರಡುತ್ತದೆ. ಮೊದಲು ಉಬ್ಬಸ, ಹಸಿರು ಭೇದಿ. ಆಮೇಲೆ ಕುತ್ತಿಗೆ ತಿರುಚುತ್ತದೆ, ಕಾಲು ಸೋಲುತ್ತದೆ. ಒಂದರ ಹಿಂದೆ ಒಂದು ಕೋಳಿ ಸಾಯ್ತದೆ. ಈ ರೋಗವನ್ನು ಗುಣಪಡಿಸುವ ಔಷಧ ಇಲ್ಲ. ತಡೆಯುವ ಲಸಿಕೆ ಉಂಟು.

ಹಲವು ಕೋಳಿ ಒಟ್ಟಿಗೆ ಸತ್ತರೆ ಕೂಡಲೇ ಮೃಗಾಸ್ಪತ್ರೆಗೆ ತಿಳಿಸಿ. ಹಕ್ಕಿಜ್ವರದಲ್ಲೂ ಇಂಥದೇ ಗುರುತು ಇರಬಹುದು. 2014ರಲ್ಲಿ ಆಲಪ್ಪುಳ ಕಡೆಯ ಬಾತುಕೋಳಿಗಳಿಗೆ ಹಕ್ಕಿಜ್ವರ ಬಂದದ್ದು ಹಲವರಿಗೆ ನೆನಪಿರಬಹುದು. ಸತ್ತ ಕೋಳಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ತಿನ್ನಬೇಡಿ, ಮಾರಬೇಡಿ. ತೋಡಿಗೆ ಬಿಸಾಡಬೇಡಿ. ವೈದ್ಯರು ಹೇಳಿದ ಹಾಗೆ ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ.

ಲಸಿಕೆ: ಒಬ್ಬರಿಗೆ ಕಷ್ಟ, ಹತ್ತು ಮನೆಗೆ ಸುಲಭ

ಮೊದಲ ಲಸಿಕೆ ಮರಿಗೆ 5ರಿಂದ 7 ದಿನ ಆದಾಗ. ಕಣ್ಣಿಗೆ ಅಥವಾ ಮೂಗಿಗೆ ಒಂದು ಹನಿ. ಎರಡನೆಯದು ಸುಮಾರು 4 ವಾರಕ್ಕೆ. ಸುಮಾರು 8 ವಾರಕ್ಕೆ ಸೂಜಿಯಲ್ಲಿ ಇನ್ನೊಂದು. ದಿನದ ಲೆಕ್ಕವನ್ನು ಮೃಗಾಸ್ಪತ್ರೆಯಲ್ಲಿ ಕೇಳಿ ಬರೆದುಕೊಳ್ಳಿ.

ಇಲ್ಲಿ ಒಂದು ತೊಡಕು ಉಂಟು. ಲಸಿಕೆಯ ಒಂದು ಸೀಸೆಯಲ್ಲಿ ನೂರು ಅಥವಾ ಅದಕ್ಕೂ ಹೆಚ್ಚು ಮರಿಗಳಿಗೆ ಆಗುವಷ್ಟು ಇರ್ತದೆ. ಬೆರೆಸಿದ ಮೇಲೆ ಸುಮಾರು ಎರಡು ಗಂಟೆಯೊಳಗೆ ಮುಗಿಸಬೇಕು. ಮಂಜುಗಡ್ಡೆಯಲ್ಲೇ ಇಟ್ಟಿರಬೇಕು. ಬಿಸಿ ತಾಗಿದರೆ ಅದು ಕೆಲಸ ಮಾಡುದಿಲ್ಲ. ಹತ್ತು ಮರಿಗೆ ಅಂತ ಒಂದು ಸೀಸೆ ಒಡೆದರೆ ಉಳಿದದ್ದು ದಂಡ.

ಇದಕ್ಕೆ ದಾರಿ ನಮ್ಮ ಕೈಯಲ್ಲೇ ಉಂಟು. ಕುಡುಂಬಶ್ರೀ ಕೂಟದಲ್ಲಿ ಮಾತಾಡಿ. ಹತ್ತು ಮನೆಯವರು ಒಂದೇ ದಿನ ಲಸಿಕೆ ಹಾಕಿಸಿ. ಕಾಯಿಲೆ ಇರುವ ಮರಿಗೆ ಮಾತ್ರ ಆ ದಿನ ಬೇಡ.

ಆ ಮರಿಗೆ ಏನಾಯ್ತು?

ವೈದ್ಯರು ಚೀಟಿಯನ್ನು ಮಲಯಾಳದಲ್ಲಿ ಬರೆದರು. ಅಕ್ಕನಿಗೆ ಮಲಯಾಳ ಮಾತು ಬರ್ತದೆ, ಅಕ್ಷರ ಬರುದಿಲ್ಲ. ಹಿಂದಿನ ವರ್ಷ ಆಗಿದ್ದರೆ ಚೀಟಿ ಮಡಚಿ ಮನೆಗೆ ಬರುತ್ತಿದ್ದರು. ಈ ಸಲ ಅವರು ಹಾಗೆ ಮಾಡಲಿಲ್ಲ. "ಒಮ್ಮೆ ಓದಿ ಹೇಳಿ ಡಾಕ್ಟ್ರೇ" ಅಂದರು. ಚೀಲದಿಂದ ನೋಟ್ ಪುಸ್ತಕ ತೆಗೆದರು. 'ಬೆಳಿಗ್ಗೆ', 'ಸಂಜೆ' ಅಂತ ಕನ್ನಡದಲ್ಲಿ ಬರೆದು, ಎದುರಿಗೆ ಹನಿಯ ಲೆಕ್ಕ ಹಾಕಿಕೊಂಡರು. 'ಸಂಜೆ'ಗೆ ಸೊನ್ನೆ ಬಿಟ್ಟು ಹೋಗಿತ್ತು. ನಾನು ತಿದ್ದಲಿಲ್ಲ. ಅವರೇ ನೋಡಿ ಸೇರಿಸಿದರು.

ಎರಡನೆಯ ದಿನ ಮರಿ ತಲೆ ಎತ್ತಿತು. ನಾಲ್ಕನೆಯ ದಿನ ತಾನಾಗಿ ನಿಂತಿತು. ಎರಡು ವಾರದಲ್ಲಿ ಉಳಿದ ಮರಿಗಳ ಜೊತೆ ಸೇರಿತು. ಈಗ ಅದು ಮೊಟ್ಟೆ ಇಡ್ತದೆ. ತಲೆ ಮಾತ್ರ ಇವತ್ತಿಗೂ ಸ್ವಲ್ಪ ಎಡಕ್ಕೆ ವಾಲಿದೆ. ಕೆಲವು ಸಲ ನರದ ಪೆಟ್ಟು ಪೂರ್ತಿ ಹೋಗುದಿಲ್ಲ. ಎಲ್ಲಾ ಮರಿಯೂ ಬದುಕುದಿಲ್ಲ, ಅದೂ ನಿಜ. ಎರಡು ಮೂರು ದಿನ ಆರೈಕೆ ಮಾಡಿಯೂ ತಿನ್ನದೆ ಸೊರಗುವ ಮರಿಯನ್ನು ಮತ್ತೆ ವೈದ್ಯರಿಗೆ ತೋರಿಸಬೇಕು.

ಉಳಿದ ಎಂಟು ಮರಿಗಳಿಗೂ ಆ ದಿನದಿಂದ ಹೊಸ ತೌಡು, ಹರಿವೆ ಸೊಪ್ಪು, ಮರಿಗಳ ಫೀಡು ಸಿಕ್ಕಿತು. ಅವುಗಳಲ್ಲಿ ಯಾವುದರ ಕುತ್ತಿಗೆಯೂ ಸೊಟ್ಟಗಾಗಲಿಲ್ಲ.

ಮುಂದಿನ ತಿಂಗಳು ಅಕ್ಕನ ಅಂಗಳದಲ್ಲೇ ಲಸಿಕೆ ಹಾಕಿಸಿದೆವು. "ಬಿಸಾಡು" ಅಂದಿದ್ದರಲ್ಲ, ಆ ಅಕ್ಕನೂ ತಮ್ಮ ಮರಿಗಳನ್ನು ಬುಟ್ಟಿಯಲ್ಲಿ ತಂದಿದ್ದರು.

ಬರೆಯಿರಿ

ನಿಮ್ಮ ಮನೆಯ ಕ್ಯಾಲೆಂಡರ್ ತೆಗೆಯಿರಿ. ಮರಿ ಒಡೆದ ದಿನಕ್ಕೆ ಸುತ್ತು ಹಾಕಿ. ಅಲ್ಲಿಂದ ಏಳು ದಿನ ಎಣಿಸಿ. ಆ ದಿನದ ಕೆಳಗೆ 'ಲಸಿಕೆ' ಅಂತ ಬರೆಯಿರಿ. ಹಾಗೆಯೇ 4 ವಾರ, 8 ವಾರ ಎಣಿಸಿ ಅಲ್ಲೂ ಬರೆಯಿರಿ. ಬರೆದದ್ದನ್ನು ಪಕ್ಕದ ಮನೆಯವರಿಗೆ ಓದಿ ಹೇಳಿ.